ನೀರುಗಂಟಿಯ ನಡಿಗೆ

2022ನೆಯ ಇಸವಿ ಮೇ ತಿಂಗಳ ಮೂರನೆಯ ವಾರ, ಕೃತ್ತಿಕಾ ಮಳೆ. ಹೊಳಲ್ಕೆರೆಯ ಮೇಲೆ ಗುಡುಗು ಸಿಡಿಲುಗಳೊಡನೆ ಅದು ಸುರಿದ ಒಂದು ರಾತ್ರಿ, ಕರೆಂಟು ಹೋಗುವುದು, ಬರುವುದು, ಬಂದ ಮರುಗಳಿಗೆಯೇ ಮತ್ತೆ ಹೋಗುವುದು, ಹೀಗೆ ಏಳೆಂಟು ಬಾರಿ ಆಗಿ, ಬೆಳಗ್ಗೆ ಎದ್ದು ನೋಡುವಾಗ ನಡುಮನೆಯ ಗೂಡಿನಲ್ಲಿದ್ದ ರೂಟರು ತನ್ನ ಐದು ದೀಪಗಳ ಪೈಕಿ ಮೊದಲನೆಯದೊಂದನ್ನು ಮಾತ್ರ ಉರಿಸಿಕೊಂಡು, ಮಿಕ್ಕ ನಾಲ್ಕನ್ನೂ ಆರಿಸಿಕೊಂಡು ನಿಶ್ಚೇಷ್ಟಿತವಾಗಿತ್ತು. ಆ ವರ್ಷದ ಮಳೆಯನ್ನು ನಮ್ಮ ಜಿಲ್ಲೆಯವರು ಸುಲಭವಾಗಿ ಮರೆಯುವಂತಿಲ್ಲ: ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರವು 1933ರ ತರುವಾಯ ಮೊದಲ ಬಾರಿಗೆ ಕೋಡಿಬಿದ್ದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಬರಗಾಲವನ್ನೇ ಹೆಚ್ಚಾಗಿ ಕಂಡ ಈ ಸೀಮೆಯ ಜನ ಆ ಮಳೆಯನ್ನು ಕೈಮುಗಿದು ಬರಮಾಡಿಕೊಂಡರು, ನಾನೂ ಬರಮಾಡಿಕೊಂಡೆ. ಆದರೆ ಮುಂಗಾರಿಗೆ ಮುಂಚಿನ ಆ ರಾತ್ರಿ ಕೆಟ್ಟ ಒಂದು ಸಣ್ಣ ಪೆಟ್ಟಿಗೆಯನ್ನು ಬದಲಾಯಿಸಿ ಯಥಾಸ್ಥಿತಿಗೆ ಬರುವುದಕ್ಕೆ ನಮಗೆ ಐದು ದಿನ ಹಿಡಿಯಿತು. ಆ ಐದು ದಿನಗಳ ಅನುಭವ ಬರೆದಿಡತಕ್ಕದ್ದೆಂದು ತೋರಿದುದರಿಂದ ಈಗ ಬರೆಯುತ್ತಿದ್ದೇನೆ.

ಆ ರೂಟರನ್ನು ತಂದು ಹೂಡಿದವನು ನನ್ನ ಮಗ, 2018ರಲ್ಲಿ. ಎರಡು ವರ್ಷ ಅದು ಮನೆಯಲ್ಲಿದ್ದೂ ಇಲ್ಲದಂತೆ ಇದ್ದಿತು. 2020ರ ಮಾರ್ಚಿ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಅವನು ಸಂಸಾರಸಮೇತನಾಗಿ ಊರಿಗೆ ಬಂದು, ನಡುಮನೆಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ವರ್ಷಕ್ಕೂ ಮಿಗಿಲಾಗಿ ಕೆಲಸ ಮಾಡಿದ್ದು ಆ ಪೆಟ್ಟಿಗೆಯ ಆಶ್ರಯದಲ್ಲಿ. ನಮ್ಮಲ್ಲಿಯೇ ಇದ್ದುಕೊಂಡು ಓದುತ್ತಿದ್ದ ನನ್ನ ಮಗಳ ಮಗಳು ಶಾಲೆಯ ಮುಖವನ್ನು ಕಾಣದೆ ಪಾಠ ಕೇಳಿದ್ದೂ ಅದರ ಆಶ್ರಯದಲ್ಲಿಯೇ. ಈಗ ಆ ಹುಡುಗಿಯ ದ್ವಿತೀಯ ಪಿಯುಸಿ ಪರೀಕ್ಷೆಗಳು ಆಗತಾನೆ ಮುಗಿದು, ಜೂನ್ 16ರಿಂದ ಸಿಇಟಿ ಎಂದು ಗೊತ್ತಾಗಿದ್ದಿತು. ಪಾಠದ ವೀಡಿಯೋಗಳೂ ಹಳೆಯ ಪ್ರಶ್ನೆಪತ್ರಿಕೆಗಳೂ ಅವಳಿಗೆ ಬರಬೇಕಾದದ್ದು ಆ ದಾರಿಯಿಂದ. ನಮ್ಮ ಮನೆ ಅಡಿಕೆ ತೋಟದ ಅಂಚಿನಲ್ಲಿ ತಗ್ಗಿನ ಜಾಗದಲ್ಲಿರುವುದರಿಂದ ಮೊಬೈಲಿನ ಸಿಗ್ನಲ್ಲು ತಾರಸಿಯ ಮೇಲೆ ಹೋದರೆ ಸಿಕ್ಕೀತು, ಕೆಳಗೆ ಸಿಕ್ಕದು. ಬಿರುಬಿಸಿಲಿನಲ್ಲಿ ಅವಳು ತಲೆಗೆ ಟವೆಲು ಹೊದ್ದು ತಾರಸಿಯ ನೀರಿನ ತೊಟ್ಟಿಯ ನೆರಳಿನಲ್ಲಿ ಕುಳಿತು ಓದುವುದನ್ನು ನೋಡಿದಾಗ, ಈ ತೊಂದರೆ ಚಿಕ್ಕದೆಂದು ಭಾವಿಸಲು ನನಗೆ ಸಾಧ್ಯವಾಗಲಿಲ್ಲ.

ಸಂಪರ್ಕಸಾಧನಗಳ ಅನೇಕ ಅವಸ್ಥೆಗಳನ್ನು ಕಂಡ ತಲೆಮಾರು ನಮ್ಮದು. ಅಂಚೆಕಛೇರಿಯ ಮುಂದಣ ಬೆಂಚಿನ ಮೇಲೆ ಕುಳಿತು ಟ್ರಂಕ್‌ಕಾಲಿಗಾಗಿ ಅರ್ಧ ದಿನ ಕಾದದ್ದುಂಟು. ಹಳ್ಳಿಗಾಡಿನ ಧೂಳಿಗೂ ಸೆಕೆಗೂ ಕೆಡದೆ ಕೆಲಸ ಮಾಡುವಂತೆ ಸಿ-ಡಾಟ್ ಸಂಸ್ಥೆಯವರು ನಿರ್ಮಿಸಿದ 128 ಸಂಪರ್ಕಗಳ ಸ್ವಯಂಚಾಲಿತ ವಿನಿಮಯಕೇಂದ್ರ 1986ರ ಜುಲೈನಲ್ಲಿ ಮೊಟ್ಟಮೊದಲು ಸ್ಥಾಪಿತವಾದದ್ದು ನಮ್ಮ ನಾಡಿನ ಕಿತ್ತೂರಿನಲ್ಲಿ ಎಂಬುದನ್ನು ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದೆ. ಏತಕ್ಕೆಂದರೆ ದೊಡ್ಡ ನಗರಕ್ಕೆ ಬಂದ ಹೊಸತು ಅಲ್ಲಿಯೇ ನಿಲ್ಲುವುದುಂಟು, ಕಿತ್ತೂರಿಗೆ ಬಂದದ್ದು ಹೊಳಲ್ಕೆರೆಗೂ ಬರುತ್ತದೆಂಬ ಭರವಸೆ ಅದರಲ್ಲಿತ್ತು. ಆಮೇಲೆ ದೂರವಾಣಿಯ ಅದೇ ತಾಮ್ರದ ಜೋಡಿತಂತಿಯ ಮೇಲೆ, ಮಾತಿನ ಕಂಪನಕ್ಕಿಂತ ಬಹು ಮೇಲಿನ ಕಂಪನಗಳನ್ನು ಹರಿಸಿ ಇಂಟರ್ನೆಟ್ಟನ್ನೂ ತರುವ ಉಪಾಯ ಬಂತು. 2005ರ ಸುಮಾರಿಗೆ ಅದು ಬ್ರಾಡ್‌ಬ್ಯಾಂಡ್ ಎಂಬ ಹೆಸರಿನಿಂದ ಮನೆಮನೆಯ ಮಾತಾಯಿತು. ತಾಮ್ರವು ಮಾತನ್ನು ಒಯ್ಯುವಂತೆಯೇ ಸಿಡಿಲನ್ನೂ ಒಯ್ಯುತ್ತದೆ. ಈಗಿನದು ಗಾಜಿನ ಎಳೆ. ಅದರೊಳಗೆ ಹರಿಯುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಗಾಜು ಸಿಡಿಲನ್ನು ಒಯ್ಯದು. ಆ ಧೈರ್ಯದಿಂದಲೇ ನಾನು ಮಳೆಗಾಲದಲ್ಲಿ ರೂಟರಿನ ಪ್ಲಗ್ಗು ಕೀಳುವ ಹಳೆಯ ಅಭ್ಯಾಸವನ್ನು ಬಿಟ್ಟುಬಿಟ್ಟಿದ್ದೆ. ಸುದ್ದಿ ಗಾಜಿನಲ್ಲಿ ಬಂದರೂ ಪೆಟ್ಟಿಗೆಗೆ ಅನ್ನ ತಾಮ್ರದಲ್ಲಿಯೇ ಬರುತ್ತದೆಂಬುದನ್ನು ನಾನು ಗಮನಿಸಿರಲಿಲ್ಲ.

ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗಿ ಹೊಸ ರೂಟರನ್ನು ತಂದೆ. ಹಳೆಯದನ್ನು ಕಿತ್ತು, ಹೊಸದನ್ನು ಅದೇ ಗೂಡಿನಲ್ಲಿ ಕೂರಿಸಿ, ಗೋಡೆಯ ತೂತಿನಿಂದ ಹಾಯಿಸಿದ್ದ ಹಳೆಯ ಅಡಾಪ್ಟರಿನ ತಂತಿಯ ತುದಿ ಇದಕ್ಕೂ ಸರಿಯಾಗಿ ಹೊಂದಿಕೊಂಡುದರಿಂದ ಅದನ್ನೇ ಸಿಕ್ಕಿಸಿದೆ. ಹೊಸ ಅಡಾಪ್ಟರನ್ನು ರಟ್ಟಿನ ಡಬ್ಬಿಯಲ್ಲಿಯೇ ಬಿಟ್ಟೆ. ದೀಪಗಳು ಬಂದವು. ಫೋನಿನಲ್ಲಿ ವೈಫೈ ಗೆರೆಗಳು ತುಂಬಿಕೊಂಡವು. ಆದರೆ ಅದರ ಕೆಳಗೆ ‘ಇಂಟರ್ನೆಟ್ ಇಲ್ಲ’ ಎಂಬ ಒಂದು ಸಾಲು. ಗೆರೆಗಳು ಪೂರ್ಣವಾಗಿದ್ದೂ ಏನೂ ಬಾರದಿರುವುದು ಹೇಗೆ ಎಂಬುದು ಆ ಹೊತ್ತಿನಲ್ಲಿ ನನಗೆ ಅರ್ಥವಾಗಲಿಲ್ಲ. ಆ ಗೆರೆಗಳು ತಿಳಿಸುವುದು ಫೋನಿಗೂ ಗೂಡಿನಲ್ಲಿರುವ ಪೆಟ್ಟಿಗೆಗೂ ನಡುವಣ ಹತ್ತು ಹೆಜ್ಜೆಯ ಸಂಬಂಧವನ್ನೇ ಹೊರತು, ಆ ಪೆಟ್ಟಿಗೆಗೂ ಹೊರಲೋಕಕ್ಕೂ ಇರುವ ಸಂಬಂಧವನ್ನಲ್ಲ. ಹಂಡೆಯ ತನಕ ನಲ್ಲಿ ಇದ್ದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಇರಬೇಕೆಂದಿಲ್ಲವಷ್ಟೆ.

ಮೊದಲ ಎರಡು ದಿನಗಳು ವ್ಯರ್ಥವಾಗಿ ಕಳೆದವು. ಸಂಪರ್ಕ ಕೊಟ್ಟ ಕಂಪನಿಗೆ ಫೋನು ಮಾಡಿದರೆ, ಆರಿಸಿ ಹತ್ತು ನಿಮಿಷ ಬಿಟ್ಟು ಹೊತ್ತಿಸಿರಿ ಎಂಬುದೊಂದೇ ಉತ್ತರ. ಪಕ್ಕದ ಮನೆಯವರು ತಂತಿ ಬದಲಿಸಲು ಹೇಳಿದರು, ಬದಲಿಸಿದೆ. ಬೆಂಗಳೂರಿನಿಂದ ಮಗ ಒಂದು ಆಯ್ಕೆಯನ್ನು ಮಾರ್ಪಡಿಸಲು ಹೇಳಿದ, ಮಾರ್ಪಡಿಸಿದೆ. ಅದರಿಂದ ಫಲ ಕಾಣದಿರಲು ಅದನ್ನು ಹಿಂದಕ್ಕೆ ತಿರುಗಿಸದೆಯೇ ಬೇರೊಂದನ್ನು ಮಾರ್ಪಡಿಸಿದೆ. ಸಾಲದುದಕ್ಕೆ, ಐದಾರು ನಿಮಿಷಕ್ಕೊಮ್ಮೆ ವೈಫೈ ತಾನಾಗಿಯೇ ಮಾಯವಾಗಿ ಮತ್ತೆ ಬರತೊಡಗಿತ್ತು. ಅಂಗಡಿಯವನು ಕೆಟ್ಟ ಮಾಲು ಕೊಟ್ಟನೆಂದು ನಾನು ನಿಶ್ಚಯಿಸಿಬಿಟ್ಟಿದ್ದೆ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿದವನು ನಾನು. ಒಂದು ಸಮೀಕರಣದಲ್ಲಿ ಎರಡು ಅವ್ಯಕ್ತಗಳನ್ನಿಟ್ಟುಕೊಂಡು ಉತ್ತರವನ್ನು ಹುಡುಕಬಾರದೆಂದು ಸಾವಿರಾರು ಮಕ್ಕಳಿಗೆ ಹೇಳಿದ್ದೆ. ಅಂಥ ನಾನು ಆ ಎರಡು ದಿನ ಐದಾರು ಅವ್ಯಕ್ತಗಳನ್ನು ಒಟ್ಟಿಗೆ ಕಲಕಿದ್ದೆನೆಂಬುದು ನನಗೆ ಇಂದಿಗೂ ವ್ಯಥೆಯ ವಿಷಯ.

ಮೂರನೆಯ ದಿನ ಸಂಜೆ ಬಯಲು ಗಣಪತಿಯ ಬಳಿಗೆ ಹೋದೆ. ಮೇಲೆ ಚಾವಣಿಯಿಲ್ಲದೆ ಬಿಸಿಲು ಮಳೆಗಳಿಗೆ ಮೈಯೊಡ್ಡಿ ಕುಳಿತ ಆ ಬೃಹನ್ಮೂರ್ತಿಯ ಸನ್ನಿಧಿಯಲ್ಲಿ ಕುಳಿತರೆ ಮನಸ್ಸಿನ ಕಾವು ಇಳಿಯುವುದು ನನಗೆ ಬಾಲ್ಯದಿಂದ ಅಭ್ಯಾಸವಾದದ್ದು. ಹಿಂದಿನ ರಾತ್ರಿಯ ಮಳೆನೀರು ರಸ್ತೆಯ ಬದಿಯ ಚರಂಡಿಯಲ್ಲಿ ಇನ್ನೂ ಸಣ್ಣಗೆ ಹರಿಯುತ್ತಿತ್ತು. ಅದನ್ನು ನೋಡುತ್ತ ಕುಳಿತಿರುವಾಗ ನಮ್ಮ ಊರಿನ ನೀರುಗಂಟಿ ನೆನಪಿಗೆ ಬಂದ.

ನಮ್ಮ ತಂದೆಯವರ ಊರು ಇದೇ ತಾಲ್ಲೂಕಿನ ರಾಮಗಿರಿ ಹೋಬಳಿಯ ಒಂದು ಹಳ್ಳಿ. ಕೆರೆ ತುಂಬಿದ ವರ್ಷಗಳಲ್ಲಿ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಂಚುವ ಅಧಿಕಾರವೂ ಹೊಣೆಯೂ ನೀರುಗಂಟಿಯವು. ಕಡೆಯ ಗದ್ದೆಗೆ ನೀರು ಬರಲಿಲ್ಲವೆಂದರೆ ಗಲಾಟೆ ಹುಟ್ಟುವುದು ಖಂಡಿತ: ಮೇಲಿನ ಗದ್ದೆಯವನು ಕದ್ದನೆಂದು ಒಬ್ಬ, ತೂಬನ್ನೇ ಸರಿಯಾಗಿ ಎತ್ತಿಲ್ಲವೆಂದು ಇನ್ನೊಬ್ಬ. ಆ ಮನುಷ್ಯ ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ. ಗುದ್ದಲಿಯನ್ನು ಹೆಗಲಿಗೇರಿಸಿ ನೇರವಾಗಿ ಕೆರೆಯ ಏರಿಗೆ ಹೋಗಿ, ತೂಬಿನ ಬಾಯಲ್ಲಿ ನೀರು ಎಷ್ಟು ಹೊರಡುತ್ತದೆಂಬುದನ್ನು ಮೊದಲು ನೋಡುತ್ತಿದ್ದ. ಅಲ್ಲಿ ಸರಿಯಿದ್ದರೆ ಕಾಲುವೆಯ ಗುಂಟ ಕೆಳಕ್ಕೆ ನಡೆಯುವುದು. ಮೊದಲ ತಿರುವಿನಲ್ಲಿ ನಿಂತು ನೀರಿನಲ್ಲಿ ಅಂಗಾಲಿಟ್ಟು ನೋಡುವುದು. ಅಲ್ಲಿಯೂ ಸರಿಯಿದ್ದರೆ ಎರಡನೆಯ ತಿರುವು. ನಾನು ಏಳೆಂಟು ವರ್ಷದ ಹುಡುಗನಾಗಿ ಒಂದು ದಿನ ಅವನ ಹಿಂದೆ ಹೋಗಿದ್ದೆ. ನಾಲ್ಕನೆಯ ತಿರುವಿನವರೆಗೆ ಅವನ ಮೀನಖಂಡಕ್ಕೆ ಬರುತ್ತಿದ್ದ ನೀರು ಐದನೆಯದರಲ್ಲಿ ಹರಡಿಗೆ ಇಳಿದಿತ್ತು. ಹಾಗಾದರೆ ದೋಷವಿರುವುದು ಈ ನಾಲ್ಕಕ್ಕೂ ಐದಕ್ಕೂ ನಡುವೆ, ಬೇರೆಲ್ಲಿಯೂ ಅಲ್ಲ. ಅವನು ಬದುವಿನ ಒಳಮೈಯನ್ನು ಕೈಯಿಂದ ಸವರಿಕೊಂಡು ಬಂದು, ಒಂದು ಕಡೆ ತಡೆದು, ಮೊಳಕೈವರೆಗೆ ತೋಳನ್ನು ಒಳಕ್ಕೆ ತೂರಿಸಿ, ‘ಏಡಿ ಬಿಲ’ ಎಂದ. ನೀರನ್ನು ಯಾರೂ ಕದ್ದಿರಲಿಲ್ಲ. ಒಂದು ಹಿಡಿ ಜಿಗಟುಮಣ್ಣಿನಿಂದ ಊರಿನ ಜಗಳ ಮುಗಿಯಿತು.

ಮನೆಗೆ ಬಂದವನೇ ಮೊಮ್ಮಗಳನ್ನು ಕರೆದು ಈ ಸಂಗತಿಯನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾತ, ಹಂಗಾದ್ರೆ ಈಗ ನೀವು ಯಾವುದನ್ನೂ ಮುಟ್ಬೇಡಿ. ಮೊದಲು ನೋಡ್ಕೊಂಡು ಬರೋಣ” ಎಂದಳು. ಒಂದು ನೋಟುಬುಕ್ಕು ತೆಗೆದುಕೊಂಡು ಹೊರಟಳು.

ಗಾಜಿನ ಎಳೆ ಮನೆಯೊಳಕ್ಕೆ ಬಂದು ಸೇರುವುದು ಕಂಪನಿಯವರು ಗೋಡೆಗೆ ಹೊಡೆದ ಒಂದು ಬಿಳಿಯ ಪೆಟ್ಟಿಗೆಗೆ. ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವುದು ಅದರ ಕೆಲಸ. ಅದೇ ನಮ್ಮ ತೂಬು. ಅದರಲ್ಲಿ ಪಾನ್ ಎಂಬ ದೀಪ ಅಲುಗದೆ ಹಸಿರಾಗಿ ಉರಿಯುತ್ತಿದ್ದರೆ ಬೆಳಕು ಬರುತ್ತಿದೆಯೆಂದು ಅರ್ಥ; ಎಲ್‌ಒಎಸ್ ಎಂಬುದು ಕೆಂಪಾಗಿದ್ದರೆ ಎಳೆ ಎಲ್ಲಿಯೋ ತುಂಡಾಗಿದೆ ಅಥವಾ ಮಡಚಿದೆಯೆಂದು ಅರ್ಥ. ಪಾನ್ ಹಸಿರು, ಕೆಂಪಿಲ್ಲ. ತೂಬಿನಲ್ಲಿ ನೀರಿದೆ. ಹಾಗಾದರೆ ದೋಷ ಮನೆಯ ಹೊರಗಿನದಲ್ಲ ಎಂಬುದು ಅರ್ಧ ನಿಮಿಷದಲ್ಲಿ ತೀರ್ಮಾನವಾಯಿತು. ಎರಡು ದಿನ ನಾವು ಯಾರೂ ಆ ಗೋಡೆಯ ಕಡೆ ನೋಡಿರಲೇ ಇಲ್ಲ.

ಎರಡನೆಯ ತಿರುವು ರೂಟರು. ಅವಳು ಅದರ ದೀಪಗಳನ್ನು ನೋಡುತ್ತಿರುವಾಗಲೇ ಅವೆಲ್ಲ ಒಮ್ಮೆಲೇ ಆರಿ, ಮತ್ತೆ ಒಂದೊಂದಾಗಿ ಹೊತ್ತಿಕೊಂಡವು. ಅವಳು ಗಡಿಯಾರ ನೋಡಿ ಸಮಯ ಬರೆದುಕೊಂಡಳು. ಆರು ನಿಮಿಷಕ್ಕೆ ಮತ್ತೆ ಹಾಗೆಯೇ ಆಯಿತು. ಆಗ ಅವಳು ಅಡಾಪ್ಟರನ್ನು ಗೋಡೆಯಿಂದ ಕಿತ್ತು, ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಧೂಳು ಒರೆಸಿ, ಇರುವೆಯ ಕಾಲಿನಂಥ ಅಕ್ಷರಗಳನ್ನು ಓದಿದಳು: 9 ವೋಲ್ಟ್. ಹೊಸ ರೂಟರಿನ ಹಿಂಬದಿಯಲ್ಲಿ ಬರೆದಿದ್ದದ್ದು 12 ವೋಲ್ಟ್. ತುದಿ ಹೊಂದಿಕೊಂಡ ಮಾತ್ರಕ್ಕೆ ಶಕ್ತಿಯೂ ಹೊಂದಿಕೊಳ್ಳುತ್ತದೆಂದು ನಾನು ಭಾವಿಸಿದ್ದೆ. ಒಂಬತ್ತು ವೋಲ್ಟಿನಲ್ಲಿ ದೀಪ ಉರಿಯುತ್ತದೆ, ವೈಫೈ ಹೆಸರೂ ಕಾಣುತ್ತದೆ. ಆದರೆ ಪೆಟ್ಟಿಗೆ ಕೆಲಸಕ್ಕೆ ತೊಡಗಿ ಹೆಚ್ಚಿನ ವಿದ್ಯುತ್ತನ್ನು ಸೆಳೆದೊಡನೆ ಒತ್ತಡ ಕುಸಿದು, ತಾಳಲಾರದೆ ಆರಿ ಮತ್ತೆ ಮೊದಲಿನಿಂದ ಎದ್ದುಕೊಳ್ಳುತ್ತದೆ. ರಟ್ಟಿನ ಡಬ್ಬಿಯಲ್ಲಿ ನಾನು ಬಿಟ್ಟಿದ್ದ ಅಡಾಪ್ಟರನ್ನು ತಂದು ಹಾಕಿದ ಮೇಲೆ ಆ ಆರುವ ಬಾಧೆ ನಿಂತಿತು. ಅಂಗಡಿಯವನ ಮೇಲೆ ನಾನು ಹೊರಿಸಿದ್ದ ಅಪವಾದವೂ ಅಲ್ಲಿಗೆ ಇಳಿಯಿತು. ಮುಂದೆ ದುರ್ಗಕ್ಕೆ ಹೋದಾಗ ಆ ಅಂಗಡಿಗೆ ಹೋಗಿ ಇದನ್ನು ಬಾಯಿಬಿಟ್ಟು ಹೇಳಿ ಬಂದೆ.

ಮೂರನೆಯ ತಿರುವಿನಲ್ಲಿ ತಡವಾಗಲಿಲ್ಲ. ಬಿಳಿಯ ಪೆಟ್ಟಿಗೆಯಿಂದ ಬರುವ ತಂತಿಯನ್ನು ರೂಟರಿನ ಹಿಂದಣ ಐದು ಬಾಯಿಗಳಲ್ಲಿ ಬಣ್ಣ ಬೇರೆಯಿರುವ ಒಂದಕ್ಕೇ ಸಿಕ್ಕಿಸಬೇಕು. ನಾನು ಬದಲಾವಣೆಗಳ ಭರದಲ್ಲಿ ಪಕ್ಕದ್ದಕ್ಕೆ ಸಿಕ್ಕಿಸಿದ್ದೆ. ಸರಿಪಡಿಸಿ, ಕಂಪ್ಯೂಟರಿನಲ್ಲಿ ಪಿಂಗ್ ಎಂಬ ಆಜ್ಞೆಯನ್ನು ಕೊಟ್ಟು ನೋಡಿದಳು. 1983ರಲ್ಲಿ ಅಮೆರಿಕದ ಮೈಕ್ ಮೂಸ್ ಎಂಬಾತ ಬರೆದ ಈ ಚಿಕ್ಕ ಸಾಧನ, ಜಲಾಂತರ್ಗಾಮಿಗಳು ನೀರಿನಲ್ಲಿ ಶಬ್ದವನ್ನು ಕಳಿಸಿ ಮರುದನಿಗಾಗಿ ಕಾಯುವ ಕ್ರಮದಿಂದ ತನ್ನ ಹೆಸರನ್ನು ಪಡೆದದ್ದು. ಒಂದು ವಿಳಾಸಕ್ಕೆ ಕರೆ ಕಳಿಸಿ, ಅಲ್ಲಿಂದ ‘ಓ’ ಎಂಬ ಉತ್ತರ ಬರುತ್ತದೆಯೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ನೀರಿನಲ್ಲಿ ಅಂಗಾಲಿಟ್ಟು ನೋಡುವುದೆಂದರೆ ಇದೇ. ರೂಟರು ಓಗೊಟ್ಟಿತು. ಅದರಾಚೆಯ ವಿಳಾಸಕ್ಕೆ ಉತ್ತರವಿಲ್ಲ. ನಾಲ್ಕನೆಯ ತಿರುವಿನ ತನಕ ಮೀನಖಂಡದ ನೀರು, ಐದನೆಯದರಲ್ಲಿ ಇಲ್ಲ.

ಆಗ ತಿಳಿದುಬಂದದ್ದೇನೆಂದರೆ, ರೂಟರು ಸುಮ್ಮನೆ ತಂತಿ ಸಿಕ್ಕಿಸಿದ ಮಾತ್ರಕ್ಕೆ ಹೊರಗೆ ಹೋಗಲಾರದು. ಕಂಪನಿಯ ಬಾಗಿಲಲ್ಲಿ ತನ್ನ ಬಳಕೆದಾರ ಹೆಸರನ್ನೂ ಗುಪ್ತಪದವನ್ನೂ ಒಪ್ಪಿಸಿ ಒಳಕ್ಕೆ ಬಿಡಿಸಿಕೊಳ್ಳಬೇಕು. ಹಳೆಯ ರೂಟರು ನಾಲ್ಕು ವರ್ಷ ಪ್ರತಿದಿನ ಅದನ್ನು ನಮಗೆ ತಿಳಿಯದಂತೆ ಮಾಡುತ್ತ ಬಂದಿತ್ತು. ಆ ಹೆಸರು ಯಾವುದು? ಮಗನಿಗೆ ನೆನಪಿಲ್ಲ, ನನಗಂತೂ ಅಂಥದೊಂದು ಉಂಟೆಂಬುದೇ ಗೊತ್ತಿಲ್ಲ. ಅಡಿಗೆಮನೆಯಿಂದ ನನ್ನ ಹೆಂಡತಿ, “ಆ ಹುಡುಗ ಬಂದು ಹಾಕಿದ ದಿನ ಏನೋ ಬರ್ಕೊಳ್ಳಿ ಅಂದಿದ್ದ, ಬರ್ಕೊಂಡಿದ್ದೆ” ಎಂದಳು. 2018ರ ಹಾಲಿನ ಲೆಕ್ಕದ ಪುಸ್ತಕ ಅಟ್ಟದ ಪೆಟ್ಟಿಗೆಯಿಂದ ಇಳಿಯಿತು. ಒಂದು ತಿಂಗಳ ಲೀಟರುಗಳ ಸಾಲಿನ ಪಕ್ಕದ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಬರೆದ ಎರಡು ಸಾಲುಗಳು. ಏನೆಂದು ತಿಳಿಯದೆ ಹೋದರೂ ಬರೆದುಕೊಳ್ಳಿ ಎಂದದ್ದನ್ನು ತಪ್ಪಿಲ್ಲದೆ ಬರೆದಿಟ್ಟ ಆ ಶ್ರದ್ಧೆಯನ್ನು ನಾನು ಪಾಂಡಿತ್ಯಕ್ಕಿಂತ ಕಡಮೆಯೆಂದು ಎಣಿಸಲಾರೆ.

ಅವನ್ನು ತುಂಬಿದರೂ ಬಾಗಿಲು ತೆರೆಯಲಿಲ್ಲ. ಐದನೆಯ ದಿನ ಬೆಳಗ್ಗೆ ಕಂಪನಿಯ ಕಡೆಯ ಹುಡುಗ ಮೋಟಾರುಸೈಕಲ್ಲಿನಲ್ಲಿ ಬಂದ. ನಮ್ಮ ಶಾಲೆಯಲ್ಲಿ ಓದಿದವನೇ. ನೋಟುಬುಕ್ಕನ್ನು ಓದಿ, ತಲೆಯಾಡಿಸಿ, “ಮೇಷ್ಟ್ರೇ, ಹಳೇದೆಲ್ಲಿ? ಹಳೇ ರೂಟರ್ ತಗೊಂಬನ್ನಿ” ಎಂದ. ಅದು ಗುಜರಿಯವನಿಗೆಂದು ಕಟ್ಟಿಟ್ಟ ಗೋಣಿಚೀಲದಲ್ಲಿತ್ತು. ಗುಜರಿಯವನು ಆ ವಾರ ಬಾರದಿದ್ದದ್ದು ನಮ್ಮ ಪುಣ್ಯ. ಹುಡುಗ ಅದನ್ನು ಮಗುಚಿ, ಅಡಿಯಲ್ಲಿ ಅಂಟಿಸಿದ್ದ ಚೀಟಿಯಲ್ಲಿ ಮ್ಯಾಕ್ ಎಂಬ ಅಕ್ಷರಗಳ ಮುಂದಣ ಹನ್ನೆರಡು ಅಂಕಿ-ಅಕ್ಷರಗಳನ್ನು ತೋರಿಸಿದ. ಜಾಲಕ್ಕೆ ಸೇರುವ ಪ್ರತಿಯೊಂದು ಯಂತ್ರಕ್ಕೂ ಕಾರ್ಖಾನೆಯಲ್ಲಿಯೇ ಇಂಥದೊಂದು ಗುರುತು ಬೀಳುತ್ತದೆ. ಮೊದಲ ಆರು ತಯಾರಕನ ಮನೆತನದ ಹೆಸರು, ಕೊನೆಯ ಆರು ಆ ಯಂತ್ರದ ಸ್ವಂತ ಹೆಸರು. ನಮ್ಮ ಹೆಸರನ್ನು ಬೇರೊಬ್ಬರು ಬಳಸದಿರಲೆಂದು ಕಂಪನಿಯ ಯಂತ್ರ ಆ ಗುರುತನ್ನೂ ನೆನಪಿಟ್ಟುಕೊಂಡಿದ್ದು, ಹೆಸರು ಸರಿಯಿದ್ದರೂ ಮುಖ ಬೇರೆಯೆಂದು ಹೊಸದನ್ನು ಹಿಂದಕ್ಕೆ ಕಳಿಸುತ್ತಿತ್ತು. ಹಳೆಯ ಗುರುತನ್ನು ಹೊಸ ರೂಟರಿನಲ್ಲಿ ಬರೆದರೆ ಸಾಕು, ಆದರೆ ಚೀಟಿಯಲ್ಲಿರುವುದು ಹಳೆಯದರ ಒಳಮುಖದ ಗುರುತು, ಹೊರಮುಖದ್ದು ಬಹುಶಃ ಒಂದು ಹೆಚ್ಚಿರುತ್ತದೆ, ಕೊನೆಗೆ ಒಂದನ್ನು ಕೂಡಿಸಿ ನೋಡಿರಿ ಎಂದು ಹೇಳಿ, ಮಲ್ಲಾಡಿಹಳ್ಳಿಯ ಕಡೆಯಿಂದ ಬಂದ ಒಂದು ತುರ್ತು ಕರೆಗೆ ಓಗೊಟ್ಟು ಅವನು ಹೊರಟುಹೋದ.

ಚೀಟಿಯ ಕೊನೆಯ ಅಂಕಿ 9. ಮೊಮ್ಮಗಳು ಒಂದನ್ನು ಕೂಡಿಸಿ ಹತ್ತು ಬರೆಯಹೋದಳು; ಜಾಗ ಸಾಲದು. ಇಲ್ಲಿ ಮಾತ್ರ ನನ್ನ ವಿದ್ಯೆ ಉಪಯೋಗಕ್ಕೆ ಬಂತು. ಈ ಗುರುತುಗಳನ್ನು ಬರೆಯುವುದು ಹದಿನಾರರ ಎಣಿಕೆಯಲ್ಲಿ. ಅಲ್ಲಿ ಒಂಬತ್ತರ ನಂತರ ಹತ್ತಕ್ಕೆ ಇರುವ ಚಿಹ್ನೆ ‘ಎ’, ಹದಿನೈದಕ್ಕೆ ‘ಎಫ್’, ಆಮೇಲೆಯೇ ಸ್ಥಾನ ಬದಲಾಗುವುದು. ಎರಡರ, ಎಂಟರ, ಹದಿನಾರರ ಆಧಾರಗಳನ್ನು ನಾನು ಕಪ್ಪುಹಲಗೆಯ ಮೇಲೆ ಬಿಡಿಸಿದ ವರ್ಷಗಳೆಷ್ಟೋ. ಇದರಿಂದ ಏನು ಪ್ರಯೋಜನ ಸಾರ್ ಎಂದು ಕೇಳಿದ ಮಕ್ಕಳೆಷ್ಟೋ. “ಹತ್ತಲ್ಲಮ್ಮ, ಎ ಬರಿ” ಎಂದೆ. ಅವಳು ಬರೆದಳು. ರೂಟರಿನ ಆರಿದ್ದ ನಾಲ್ಕನೆಯ ದೀಪ ಒಮ್ಮೆ ಕಿತ್ತಳೆಯಾಗಿ, ಎರಡು ಸಲ ಮಿಟುಕಿ, ಹಸಿರಾಯಿತು. ತಾರಸಿಯ ಮೇಲಿಂದ ಅವಳ ಪುಸ್ತಕಗಳು ಅದೇ ಮಧ್ಯಾಹ್ನ ಕೆಳಗಿಳಿದವು.

ಉಳಿದದ್ದು ಅಲ್ಪಸ್ವಲ್ಪ. ಹೊಸ ವೈಫೈಗೆ ಹಳೆಯದರ ಹೆಸರನ್ನೂ ಗುಪ್ತಪದವನ್ನೂ ಅಕ್ಷರ ತಪ್ಪದೆ ಕೊಟ್ಟುದರಿಂದ ಮನೆಯ ಫೋನುಗಳೆಲ್ಲ ತಾವಾಗಿಯೇ ಅದನ್ನು ಗುರುತಿಸಿ ಸೇರಿಕೊಂಡವು. ಹಳೆಯ ಪ್ರಿಂಟರೊಂದು ಮಾತ್ರ ಹಿಂದೆ ಉಳಿಯಿತು. ಅದಕ್ಕೆ 5 ಗಿಗಾಹರ್ಟ್ಸಿನ ತರಂಗ ತಿಳಿಯದು, 2.4 ಮಾತ್ರವೇ ಗೊತ್ತು. ಎರಡನ್ನೂ ಬೇರ್ಪಡಿಸಿದ ಮೇಲೆ ಅದೂ ಬಂತು, ಸಿಇಟಿಯ ಪ್ರವೇಶಪತ್ರ ಅದರಲ್ಲಿಯೇ ಮುದ್ರಿತವಾಯಿತು.

ಆ ಐದು ದಿನಗಳನ್ನು ಮತ್ತೆ ಮತ್ತೆ ನೆನೆದುಕೊಂಡಾಗ ನನ್ನನ್ನು ಕಾಡುವುದು ಹೊಸ ಪೆಟ್ಟಿಗೆಯಲ್ಲ, ಹಳೆಯದು. ಅದರ ಬೆಲೆಯನ್ನು ನಾವು ರೂಪಾಯಿಗಳಲ್ಲಿ ಎಣಿಸಿ ಗೋಣಿಚೀಲಕ್ಕೆ ಹಾಕಿದೆವು. ನಾಲ್ಕು ವರ್ಷದಲ್ಲಿ ಅದು ನಮ್ಮ ಮನೆಯ ಹೆಸರನ್ನು, ಗುಪ್ತವನ್ನು, ಮನೆಗೆ ಬಂದುಹೋಗುವ ಯಂತ್ರಗಳ ಪರಿಚಯವನ್ನು, ಕಂಪನಿಯ ಬಾಗಿಲಲ್ಲಿ ತನಗಿದ್ದ ಗುರುತನ್ನು ತನ್ನಲ್ಲಿ ಇರಿಸಿಕೊಂಡಿತ್ತು; ಮನೆಯ ಮನುಷ್ಯರಲ್ಲಿ ಒಬ್ಬರಿಗೂ ಅದು ಪೂರ್ತಿಯಾಗಿ ತಿಳಿದಿರಲಿಲ್ಲ. ನಮ್ಮ ಊರಿನ ನೀರುಗಂಟಿ ತೀರಿಕೊಂಡ ವರ್ಷ, ಯಾವ ಕಾಲುವೆಯ ಯಾವ ತಿರುವಿನಲ್ಲಿ ಬದು ಮೆದುವೆಂಬುದನ್ನು ಹೇಳುವವರಿಲ್ಲದೆ ಅಚ್ಚುಕಟ್ಟಿನ ಕಡೆಯ ಗದ್ದೆಗಳು ಬೀಳುಬಿದ್ದದ್ದನ್ನು ನಾನು ಕಂಡಿದ್ದೇನೆ. ಅವನನ್ನು ಯಾರೂ ಕೇಳಿ ಬರೆದುಕೊಂಡಿರಲಿಲ್ಲ. ಅವನ ಹಿಂದೆ ನಡೆದವನು ನಾನೊಬ್ಬನೇ, ಅದೂ ಒಂದೇ ದಿನ.

ಈಗ ನಮ್ಮ ಗೂಡಿನ ಬಾಗಿಲ ಒಳಮೈಗೆ ಒಂದು ಹಾಳೆ ಅಂಟಿಸಿದೆ. ಬಳಕೆದಾರ ಹೆಸರು, ಹನ್ನೆರಡು ಅಕ್ಷರಗಳ ಗುರುತು, ಅಡಾಪ್ಟರಿನ ವೋಲ್ಟು, ಯಾವ ಬಣ್ಣದ ಬಾಯಿಗೆ ಯಾವ ತಂತಿ ಎಂಬುದು, ಎಲ್ಲವೂ ಅದರಲ್ಲಿದೆ; ಬರಹ ನನ್ನ ಹೆಂಡತಿಯದು. ಗುಪ್ತಪದ ಮಾತ್ರ ಈಗಲೂ ಹಾಲಿನ ಲೆಕ್ಕದ ಪುಸ್ತಕದಲ್ಲಿಯೇ ಇದೆ. ಇದನ್ನು ಓದುವ ತಾವೂ, ಮಳೆಗಾಲ ಆರಂಭವಾಗುವುದಕ್ಕೆ ಮೊದಲು, ತಮ್ಮ ಮನೆಯ ರೂಟರು ಇನ್ನೂ ಚೆನ್ನಾಗಿ ನಡೆಯುತ್ತಿರುವಾಗಲೇ, ಒಂದು ನಿಮಿಷ ಅದನ್ನು ಮಗುಚಿ ಅಡಿಯ ಚೀಟಿಯನ್ನು ಓದಿ ಬರೆದಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.